ದೇಶದ ಮಳೆಯ ಲೆಕ್ಕ: ಜಲಗಣನೆಯ ಮೊದಲ ಅಂಕಿ

ಯಾವುದೇ ಲೆಕ್ಕಪತ್ರವು ಜಮೆಯಿಂದ ಪ್ರಾರಂಭವಾಗುತ್ತದೆ. ದೇಶವೊಂದರ ನೀರಿನ ಲೆಕ್ಕಪತ್ರದಲ್ಲಿ ಜಮೆಯ ಮುಖ್ಯ ಬಾಬು ಆಕಾಶದಿಂದ ಇಳಿಯುವ ವೃಷ್ಟಿ. ಮಳೆ, ಹಿಮ, ಆಲಿಕಲ್ಲು ಇವೆಲ್ಲವೂ ವೃಷ್ಟಿಯಲ್ಲಿ ಅಡಕವಾಗಿವೆ. ನದಿ, ಕೆರೆ, ಜಲಾಶಯ, ತೆರೆದ ಬಾವಿ, ಕೊಳವೆ ಬಾವಿಗಳು ಈ ಜಮೆಯನ್ನು ಸಾಗಿಸುವ ಇಲ್ಲವೆ ಕೂಡಿಡುವ ಸ್ಥಾನಗಳಷ್ಟೆ. ಅವು ತಾವಾಗಿ ನೀರನ್ನು ಉತ್ಪಾದಿಸುವುದಿಲ್ಲ. ಗಡಿಯಾಚೆಯಿಂದ ಹರಿದುಬರುವ ನದಿಗಳ ನೀರನ್ನೂ, ಚೆನ್ನೈನಂತಹ ನಗರಗಳಲ್ಲಿ ಸಮುದ್ರದ ನೀರನ್ನು ಸಿಹಿಗೊಳಿಸಿ ಪಡೆಯುವ ಅಲ್ಪ ಪ್ರಮಾಣವನ್ನೂ ಬಿಟ್ಟರೆ, ದೇಶದಲ್ಲಿ ಕುಡಿಯುವುದಕ್ಕೆ, ಬೇಸಾಯಕ್ಕೆ, ಕೈಗಾರಿಕೆಗೆ ದೊರೆಯುವ ಪ್ರತಿಯೊಂದು ಹನಿಯೂ ಒಂದಲ್ಲ ಒಂದು ದಿನ ಇದೇ ನೆಲದ ಮೇಲೆ ಮಳೆಯಾಗಿಯೋ ಹಿಮವಾಗಿಯೋ ಬಿದ್ದದ್ದೇ ಆಗಿದೆ.

ಕೇಂದ್ರ ಜಲ ಆಯೋಗವು 2019ರಲ್ಲಿ ಪ್ರಕಟಿಸಿದ ಮರುಮೌಲ್ಯಮಾಪನದ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸರಾಸರಿ 3,880 ಶತಕೋಟಿ ಘನ ಮೀಟರ್ ವೃಷ್ಟಿಯಾಗುತ್ತದೆ. ಒಂದು ಶತಕೋಟಿ ಘನ ಮೀಟರ್ ಎಂದರೆ ಉದ್ದ, ಅಗಲ, ಆಳ ಮೂರೂ ಒಂದೊಂದು ಕಿಲೋಮೀಟರ್ ಇರುವ ತೊಟ್ಟಿಯಲ್ಲಿ ಹಿಡಿಸುವಷ್ಟು ನೀರು. 1985ರಿಂದ 2015ರವರೆಗಿನ ಅವಧಿಯ ದಾಖಲೆಗಳನ್ನು ಆಧರಿಸಿದ ಈ ಅಂಕಿಯನ್ನು ದೇಶದ ಭೂವಿಸ್ತೀರ್ಣವಾದ 32.87 ಲಕ್ಷ ಚದರ ಕಿಲೋಮೀಟರಿನಿಂದ ಭಾಗಿಸಿದರೆ ಸುಮಾರು 1,180 ಮಿಲಿಮೀಟರ್ ಬರುತ್ತದೆ. ಅಂದರೆ, ಬಿದ್ದ ನೀರು ಹರಿಯದೆ, ಇಂಗದೆ, ಆರದೆ ಬಿದ್ದಲ್ಲಿಯೇ ಸಮನಾಗಿ ನಿಂತಿದ್ದಲ್ಲಿ ದೇಶದಾದ್ಯಂತ ನಾಲ್ಕು ಅಡಿಗೆ ಸ್ವಲ್ಪ ಕಡಮೆ ಆಳದ ನೀರು ನಿಲ್ಲುತ್ತಿತ್ತು.

ಈ ಅಂಕಿ ಎಲ್ಲಿಂದ ಬಂದಿತು? ಇಷ್ಟು ವಿಶಾಲವಾದ ನೆಲಕ್ಕೆ ಯಾರೂ ಪಾತ್ರೆ ಒಡ್ಡಿಲ್ಲ. ಭಾರತೀಯ ಹವಾಮಾನ ಇಲಾಖೆಯ ವಿಜ್ಞಾನಿಗಳು 1901ರಿಂದ 2010ರವರೆಗಿನ ದೈನಿಕ ಮಳೆಯ ನಕ್ಷೆಯನ್ನು ಸಿದ್ಧಪಡಿಸಿದಾಗ ಬಳಸಿಕೊಂಡದ್ದು ಒಟ್ಟು 6,955 ಕೇಂದ್ರಗಳ ದಾಖಲೆಗಳನ್ನು. ಇವೂ ಎಲ್ಲ ವರ್ಷಗಳಲ್ಲಿ ಏಕಕಾಲಕ್ಕೆ ಕೆಲಸ ಮಾಡಿದವಲ್ಲ. ಈ ಎಲ್ಲ ಕೇಂದ್ರಗಳ ಮಳೆಮಾಪಕಗಳ ಬಾಯಿಯೂ 200 ಚದರ ಸೆಂಟಿಮೀಟರ್ ಇದೆಯೆಂದು ಭಾವಿಸಿ ಕೂಡಿಸಿದರೂ ಸಿಗುವ ಒಟ್ಟು ವಿಸ್ತೀರ್ಣ 139 ಚದರ ಮೀಟರ್. ನಗರಗಳಲ್ಲಿ ಹಂಚಲಾಗುವ ಮೂವತ್ತು-ನಲವತ್ತು ಅಡಿಯ ನಿವೇಶನಕ್ಕಿಂತ ಇದು ಕೊಂಚ ದೊಡ್ಡದು, ಅಷ್ಟೆ. ಒಂದು ಮನೆಯ ಮಾಳಿಗೆಯಷ್ಟು ಜಾಗದಲ್ಲಿ ಹಿಡಿದ ನೀರಿನಿಂದ ಇಡೀ ದೇಶದ ನೀರಿನ ಜಮೆಯನ್ನು ನಿರ್ಣಯಿಸಲಾಗುತ್ತಿದೆ. ಆದುದರಿಂದಲೇ ಆ ಒಂದೊಂದು ಪಾತ್ರೆಯನ್ನು ಎಲ್ಲಿ ಇಡಲಾಗಿದೆ, ಯಾರು ಅಳೆಯುತ್ತಾರೆ, ಹೇಗೆ ಬರೆದಿಡುತ್ತಾರೆ ಎಂಬುದು ಕೇವಲ ಇಲಾಖೆಯ ಒಳಗಿನ ವಿಷಯವಾಗಿ ಉಳಿಯುವುದಿಲ್ಲ.

ಪ್ರಾಚೀನ ಪದ್ಧತಿ

ಮಳೆಯನ್ನು ಅಳೆಯುವ ಕ್ರಮ ಭಾರತಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೋಷ್ಠಾಗಾರದ ಮುಂದೆ ಒಂದು ಅರತ್ನಿ, ಅಂದರೆ ಇಪ್ಪತ್ತನಾಲ್ಕು ಅಂಗುಲ, ಅಗಲದ ಬಾಯಿಯುಳ್ಳ ಕುಂಡವನ್ನು ವರ್ಷಮಾನವಾಗಿ ಸ್ಥಾಪಿಸಬೇಕೆಂಬ ವಿಧಿಯಿದೆ. ಕೃಷಿಯ ಅಧಿಕಾರಿಯಾದ ಸೀತಾಧ್ಯಕ್ಷನ ಪ್ರಕರಣದಲ್ಲಿ ಪ್ರದೇಶವಾರು ಮಳೆಯ ಪ್ರಮಾಣವನ್ನೂ ಕೊಡಲಾಗಿದೆ: ಜಾಂಗಲ ಪ್ರದೇಶಕ್ಕೆ ಹದಿನಾರು ದ್ರೋಣ, ಜಲಸಮೃದ್ಧವಾದ ಅನೂಪಕ್ಕೆ ಅದರ ಒಂದೂವರೆ ಪಾಲು, ಅಶ್ಮಕಕ್ಕೆ ಹದಿಮೂರೂವರೆ, ಅವಂತಿಗೆ ಇಪ್ಪತ್ತಮೂರು ದ್ರೋಣ, ಪಶ್ಚಿಮ ಕರಾವಳಿಯ ಅಪರಾಂತಕ್ಕೆ ಅಳತೆಯಿಲ್ಲದಷ್ಟು. ಮಳೆಗಾಲದ ಆದಿ ಮತ್ತು ಅಂತ್ಯದ ತಿಂಗಳುಗಳಲ್ಲಿ ಮೂರನೆಯ ಒಂದು ಪಾಲು, ನಡುವಿನ ತಿಂಗಳುಗಳಲ್ಲಿ ಮೂರನೆಯ ಎರಡು ಪಾಲು ಬಿದ್ದರೆ ಮಳೆ ಹದವಾಗಿದೆ ಎಂಬ ಮಾತೂ ಅಲ್ಲಿದೆ. ವರ್ಷಮಾನವನ್ನು ಧಾನ್ಯದ ಉಗ್ರಾಣದ ಮುಂದೆಯೇ ಇಡಲು ಹೇಳಿರುವುದು ಗಮನಾರ್ಹ. ರಾಜ್ಯದ ಆದಾಯಕ್ಕೂ ಆಕಾಶಕ್ಕೂ ಇರುವ ಸಂಬಂಧ ಆಗಲೇ ಮನವರಿಕೆಯಾಗಿತ್ತು.

ಕನ್ನಡನಾಡಿನ ಒಕ್ಕಲಿಗರದು ಬೇರೊಂದು ಮಾಪನ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಎಂದು ನಕ್ಷತ್ರಗಳ ಹೆಸರಿನಲ್ಲಿ ಹದಿಮೂರು-ಹದಿನಾಲ್ಕು ದಿನಗಳಿಗೊಂದರಂತೆ ಮಳೆಗಳನ್ನು ಎಣಿಸಿ, ಬಿದ್ದ ನೀರನ್ನು ಅವರು ಮಣ್ಣಿನ ತೇವದಿಂದ ಅಳೆಯುತ್ತಾರೆ: ಉಳುಮೆಗೆ ಹದವಾಯಿತೇ, ಬಿತ್ತನೆಗೆ ಹದವಾಯಿತೇ ಎಂದು. ಆಧುನಿಕ ಜಲಗಣನೆಯಲ್ಲಿ ಮಣ್ಣಿನ ತೇವಾಂಶ ಎಂಬ ಪ್ರತ್ಯೇಕ ಬಾಬು ಇರುವುದನ್ನು ಕಂಡಾಗ, ಈ ಹಳೆಯ ಮಾಪನ ಅಷ್ಟೇನೂ ಒರಟಾದುದಲ್ಲ ಎನ್ನಿಸುತ್ತದೆ. ಕೊಡಗು ಹಾಗೂ ಮಲೆನಾಡಿನ ಕಾಫಿ ತೋಟಗಳಲ್ಲಿ ಸ್ವಂತ ಮಳೆಮಾಪಕ ಇಟ್ಟುಕೊಂಡು ಇಂಚು-ಸೆಂಟುಗಳ ಲೆಕ್ಕದಲ್ಲಿ ಪ್ರತಿದಿನದ ಮಳೆಯನ್ನು ಬರೆದಿಡುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ.

ಕ್ರಮಬದ್ಧ ದಾಖಲೆಗಳ ಇತಿಹಾಸ ಬಂದರು ನಗರಗಳಿಂದ ಪ್ರಾರಂಭವಾಗುತ್ತದೆ. ಚೆನ್ನೈನ ಮಾಸಿಕ ಮಳೆಯ ದಾಖಲೆ 1813ರಿಂದ ದೊರೆಯುತ್ತದೆ. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಗೊಂಡ ನಂತರ ಚದುರಿಹೋಗಿದ್ದ ವೀಕ್ಷಣೆಗಳನ್ನು ಒಂದೇ ಪದ್ಧತಿಗೆ ತರುವ ಕೆಲಸ ಆರಂಭವಾಯಿತು. ಇಲಾಖೆಯ ಕೇಂದ್ರ ಕಚೇರಿ ಮೊದಲು ಕೋಲ್ಕತ್ತದಲ್ಲಿದ್ದು, ಬಳಿಕ ಶಿಮ್ಲಾಕ್ಕೆ, 1928ರಲ್ಲಿ ಪುಣೆಗೆ, 1944ರಲ್ಲಿ ದೆಹಲಿಗೆ ಸ್ಥಳಾಂತರಗೊಂಡಿತು. ಪುಣೆಯ ಶಿವಾಜಿನಗರದ ಕಟ್ಟಡವನ್ನು ಜನರು ಈಗಲೂ ‘ಸಿಮ್ಲಾ ಆಫೀಸ್’ ಎಂದೇ ಕರೆಯುವುದಕ್ಕೆ ಇದೇ ಕಾರಣ. ದೇಶದ ಹವಾಮಾನ ದಾಖಲೆಗಳ ರಾಷ್ಟ್ರೀಯ ಭಂಡಾರವೂ ಪುಣೆಯಲ್ಲಿಯೇ ಇದೆ.

ಮಳೆಮಾಪಕ ಮತ್ತು ಅದರ ನಷ್ಟ

ಸಾಮಾನ್ಯ ಮಳೆಮಾಪಕದಲ್ಲಿ ಯಂತ್ರವೆನ್ನಬಹುದಾದ ಭಾಗವೇ ಇಲ್ಲ. ಮೇಲೊಂದು ಲಾಳಿಕೆ, ಕೆಳಗೊಂದು ಸೀಸೆ, ಅಳೆಯಲು ಗೆರೆ ಕೊರೆದ ಗಾಜಿನ ಲೋಟ. ಹಿಂದೆ ಐದು ಅಂಗುಲ ವ್ಯಾಸದ ಸೈಮನ್ಸ್ ಮಾದರಿ ಬಳಕೆಯಲ್ಲಿತ್ತು; ನಂತರ ನಾರುಗಾಜಿನಿಂದ ಮಾಡಿದ, 100 ಅಥವಾ 200 ಚದರ ಸೆಂಟಿಮೀಟರ್ ಬಾಯಿಯ ಮಾದರಿ ರೂಢಿಗೆ ಬಂದಿತು. ಅಳತೆಯ ತತ್ವವೂ ಸರಳ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. ಒಂದು ಹೆಕ್ಟೇರಿನ ಮೇಲಾದರೆ ಹತ್ತು ಸಾವಿರ ಲೀಟರ್. 200 ಚದರ ಸೆಂಟಿಮೀಟರ್ ಬಾಯಿಯ ಮಾಪಕದಲ್ಲಿ ಹತ್ತು ಲೀಟರಿನ ಸೀಸೆ ಇಟ್ಟರೆ 500 ಮಿಲಿಮೀಟರ್ ಮಳೆ ಹಿಡಿಸುತ್ತದೆ. ಅದಕ್ಕೂ ಮಿಗಿಲಾದ ಮಳೆಯ ಸೂಚನೆಯಿದ್ದಲ್ಲಿ ವೀಕ್ಷಕನು ನಡುನಡುವೆ ಅಳೆದು, ಚೆಲ್ಲಿ, ಕೂಡಿಸುತ್ತಾ ಹೋಗಬೇಕು.

ಸರಳವಾದ ಈ ಉಪಕರಣಕ್ಕೆ ಸ್ಥಳದ ನಿಯಮಗಳು ಮಾತ್ರ ಕಟ್ಟುನಿಟ್ಟಾದವು. ಬಾಯಿಯ ಅಂಚು ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ ಸಮತಲವಾಗಿರಬೇಕು. ಸಮೀಪದ ಮರ ಅಥವಾ ಕಟ್ಟಡ ತನ್ನ ಎತ್ತರದ ಎರಡರಷ್ಟಾದರೂ ದೂರದಲ್ಲಿರಬೇಕು. ಪ್ರತಿದಿನ ಬೆಳಿಗ್ಗೆ 8 ಗಂಟೆ 30 ನಿಮಿಷಕ್ಕೆ ಅಳೆಯಬೇಕು. ಒಂದು ಕೇಂದ್ರದ ಪಕ್ಕದಲ್ಲಿ ಹತ್ತು ವರ್ಷಗಳ ಹಿಂದೆ ನೆಟ್ಟ ಸಸಿ ಈಗ ಮರವಾಗಿದ್ದರೆ, ಅಥವಾ ಕಚೇರಿಗೆ ಹೊಸದಾಗಿ ಮಹಡಿ ಕಟ್ಟಿದ್ದರೆ, ಮಳೆ ಕಡಮೆಯಾಗದಿದ್ದರೂ ದಾಖಲೆಯಲ್ಲಿ ಕಡಮೆಯಾಗುತ್ತದೆ. ಅದನ್ನು ಹವಾಮಾನದ ಬದಲಾವಣೆಯೆಂದು ತಪ್ಪಾಗಿ ಓದುವ ಅಪಾಯವೂ ಉಂಟು. ಆದುದರಿಂದ ನೆರೆಹೊರೆಯ ಕೇಂದ್ರಗಳ ಸಂಚಿತ ಮಳೆಯೊಡನೆ ಈ ಕೇಂದ್ರದ ಸಂಚಿತ ಮಳೆಯನ್ನು ನಕ್ಷೆಯ ಮೇಲೆ ಹೋಲಿಸಿ, ಗೆರೆ ಎಲ್ಲಿ ಬಾಗಿದೆ ಎಂಬುದನ್ನು ನೋಡಿ ದೋಷದ ವರ್ಷವನ್ನು ಪತ್ತೆಹಚ್ಚಲಾಗುತ್ತದೆ.

ಎಲ್ಲ ನಿಯಮಗಳನ್ನು ಪಾಲಿಸಿದಾಗಲೂ ಮಳೆಮಾಪಕವು ಬಿದ್ದ ಮಳೆಗಿಂತ ಕಡಮೆಯನ್ನೇ ತೋರಿಸುತ್ತದೆ. ಗಾಳಿ ಮಾಪಕದ ಬಾಯಿಯ ಮೇಲೆ ಸುತ್ತಿ ಹೊರಳುವಾಗ ಸಣ್ಣ ಹನಿಗಳು ಪಕ್ಕಕ್ಕೆ ಸರಿದುಹೋಗುತ್ತವೆ. ಮಳೆಯ ವಿಷಯದಲ್ಲಿ ಈ ನಷ್ಟ ಸಾಮಾನ್ಯವಾಗಿ ಶೇಕಡ 2ರಿಂದ 10ರಷ್ಟಿರುತ್ತದೆ. ಹಿಮದ ವಿಷಯದಲ್ಲಿ ಶೇಕಡ 50ರವರೆಗೂ, ಕೆಲವೊಮ್ಮೆ ಅದನ್ನೂ ಮೀರಿ ಹೋಗಬಹುದು. ಲಾಳಿಕೆಯ ಒಳಮೈಗೆ ಅಂಟಿ ಆರಿಹೋಗುವ ನೀರು, ಸೀಸೆಯಿಂದ ಆವಿಯಾಗುವ ನೀರು ಬೇರೆ.

ಇಂತಹ ಅಲ್ಪ ದೋಷ ದೇಶದ ಪ್ರಮಾಣದಲ್ಲಿ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಭಾರತದ ಇಡೀ ವಿಸ್ತೀರ್ಣದ ಮೇಲೆ ಒಂದೇ ಒಂದು ಮಿಲಿಮೀಟರ್ ಮಳೆಯೆಂದರೆ ಸುಮಾರು 3.29 ಶತಕೋಟಿ ಘನ ಮೀಟರ್ ನೀರು. ಕೃಷ್ಣರಾಜಸಾಗರದ ಸಾಮರ್ಥ್ಯ 49.45 ಟಿ.ಎಂ.ಸಿ., ಅಂದರೆ ಸುಮಾರು 1.4 ಶತಕೋಟಿ ಘನ ಮೀಟರ್. ಸರಾಸರಿಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಎರಡು ಕೃಷ್ಣರಾಜಸಾಗರಗಳಿಗೂ ಮಿಗಿಲಾದ ನೀರು ಲೆಕ್ಕದಿಂದ ಜಾರಿಹೋಗುತ್ತದೆ. ಶೇಕಡ 5ರಷ್ಟು ತಪ್ಪಿದರೆ 194 ಶತಕೋಟಿ ಘನ ಮೀಟರ್. ಕೇಂದ್ರ ಜಲ ಆಯೋಗವು ವಾರವಾರವೂ ನೀರಿನ ಮಟ್ಟವನ್ನು ಪ್ರಕಟಿಸುವ ದೇಶದ ಪ್ರಮುಖ ಜಲಾಶಯಗಳೆಲ್ಲ ಒಟ್ಟಾಗಿ ಹಿಡಿಯಬಲ್ಲ ಬಳಕೆಯ ನೀರಿಗಿಂತ ಇದು ಹೆಚ್ಚು.

ಬಿಂದುವಿನಿಂದ ವಿಸ್ತಾರಕ್ಕೆ

ಮಳೆಮಾಪಕ ಹೇಳುವುದು ತಾನಿರುವ ಸ್ಥಳದ ಮಳೆಯನ್ನು ಮಾತ್ರ. ಅದರಿಂದ ಜಿಲ್ಲೆಯ, ಜಲಾನಯನ ಪ್ರದೇಶದ, ದೇಶದ ಮಳೆಯನ್ನು ತಿಳಿಯುವುದು ಹೇಗೆ ಎಂಬುದೇ ಜಲಗಣನೆಯ ಅತಿ ಕಠಿಣ ಪ್ರಶ್ನೆ.

ಮುಂಬಯಿಯ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 24 ಗಂಟೆಗಳ ಅವಧಿಗೆ 944 ಮಿಲಿಮೀಟರ್ ಮಳೆ ದಾಖಲಾಯಿತು. ದೆಹಲಿಯಲ್ಲಿ ಇಡೀ ವರ್ಷ ಬೀಳುವ ವಾಡಿಕೆ ಮಳೆಗಿಂತ ಇದು ಹೆಚ್ಚು. ಅದೇ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಅದೇ ಅವಧಿಗೆ ದಾಖಲಾದದ್ದು 73 ಮಿಲಿಮೀಟರ್ ಮಾತ್ರ. ಉಪನಗರಗಳಲ್ಲಿ ಜನರು ಕತ್ತಿನ ಮಟ್ಟದ ನೀರಿನಲ್ಲಿ ನಡೆಯುತ್ತಿದ್ದಾಗ ಕೊಲಾಬಾದಲ್ಲಿದ್ದವರಿಗೆ ಅದು ಸಾಧಾರಣ ಮಳೆಗಾಲದ ಒಂದು ದಿನ. ಎರಡು ಅಂಕಿಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ 508 ಮಿಲಿಮೀಟರಿನಷ್ಟಾಗುತ್ತದೆ. ಆ ಅಂಕಿ ಎರಡು ಸ್ಥಳಗಳಲ್ಲಿ ಯಾವುದಕ್ಕೂ ಸಲ್ಲುವುದಿಲ್ಲ. ನಗರದಲ್ಲಿ ಆ ದಿನ ನಿಜವಾಗಿ ಎಷ್ಟು ನೀರು ಬಿದ್ದಿತು ಎಂಬುದನ್ನು ಎರಡು ಪಾತ್ರೆಗಳು ಹೇಳಲಾರವು. ಆ ದುರಂತದ ನಂತರ ನಗರದ ವಿವಿಧ ಭಾಗಗಳಲ್ಲಿ ಹತ್ತಾರು ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಲಾಯಿತು.

ಬೆಟ್ಟದ ಸೀಮೆಯಲ್ಲಿ ಇಂತಹ ವ್ಯತ್ಯಾಸ ಒಂದು ದಿನದ್ದಲ್ಲ, ಪ್ರತಿ ವರ್ಷದ್ದು. ಪುಣೆಯಿಂದ ಹೊರಟವರು ವಾಯಿ ದಾಟಿ ಪಂಚಗಣಿಯ ಮಾರ್ಗವಾಗಿ ಮಹಾಬಳೇಶ್ವರಕ್ಕೆ ಹೋಗುವಾಗ ಮೂವತ್ತು ಕಿಲೋಮೀಟರಿನಷ್ಟು ಹಾದಿಯಲ್ಲಿ ಮಳೆಯ ಮೂರು ಲೋಕಗಳನ್ನು ಹಾಯುತ್ತಾರೆ. ಮಹಾಬಳೇಶ್ವರದ ವಾರ್ಷಿಕ ಮಳೆ ಐದೂವರೆ ಸಾವಿರ ಮಿಲಿಮೀಟರನ್ನು ಮೀರುತ್ತದೆ. ಪಂಚಗಣಿಯಲ್ಲಿ ಅದು ಮೂರರಲ್ಲೊಂದು ಪಾಲಿಗೆ ಇಳಿದು, ವಾಯಿಯನ್ನು ಮುಟ್ಟುವಷ್ಟರಲ್ಲಿ ಇನ್ನೂ ಬಹಳ ಕಡಮೆಯಾಗುತ್ತದೆ. ಕೃಷ್ಣಾ ನದಿ ಹುಟ್ಟುವುದೇ ಈ ಇಳಿಜಾರಿನಲ್ಲಿ. ಮಾಪಕವನ್ನು ಘಟ್ಟದ ಯಾವ ಮಗ್ಗುಲಿಗೆ ಇಡಲಾಗಿದೆ ಎಂಬುದರ ಮೇಲೆ ನದಿಯ ಜಮೆ ಏರುತ್ತದೆ ಅಥವಾ ಇಳಿಯುತ್ತದೆ. ಕರ್ನಾಟಕದಲ್ಲಿಯೂ ಆಗುಂಬೆಯಿಂದ ಚಳ್ಳಕೆರೆಯವರೆಗಿನ ಹಾದಿಯಲ್ಲಿ ಕಾಣುವುದು ಇದೇ ಬಗೆಯ ಇಳಿಕೆ.

ಹೀಗಾಗಿ ಸಾದಾ ಸರಾಸರಿ ಸಾಲದು. ಅಮೆರಿಕೆಯ ಹವಾಮಾನ ತಜ್ಞ ಆಲ್‌ಫ್ರೆಡ್ ಥೀಸನ್ 1911ರಲ್ಲಿ ಒಂದು ಉಪಾಯವನ್ನು ಸೂಚಿಸಿದ. ನಕ್ಷೆಯ ಮೇಲೆ ಪ್ರತಿಯೊಂದು ಸ್ಥಳವನ್ನೂ ಅದಕ್ಕೆ ಅತಿ ಸಮೀಪದ ಮಾಪಕದ ಪಾಲಿಗೆ ಸೇರಿಸಬೇಕು. ಹಾಗೆ ಮೂಡುವ ಬಹುಭುಜಗಳ ವಿಸ್ತೀರ್ಣಕ್ಕೆ ಅನುಗುಣವಾಗಿ ಆಯಾ ಮಾಪಕಕ್ಕೆ ತೂಕ ಕೊಡಬೇಕು. ಒಂದು ಮಾಪಕ 200 ಚದರ ಕಿಲೋಮೀಟರಿಗೂ ಮತ್ತೊಂದು 800 ಚದರ ಕಿಲೋಮೀಟರಿಗೂ ಸಮೀಪವಾಗಿದ್ದರೆ, ಮೊದಲನೆಯದರ ಮಾತಿಗೆ ಒಂದು ಪಾಲು, ಎರಡನೆಯದಕ್ಕೆ ನಾಲ್ಕು ಪಾಲು. ಮೊದಲನೆಯದರಲ್ಲಿ 100 ಮಿಲಿಮೀಟರ್, ಎರಡನೆಯದರಲ್ಲಿ 50 ಮಿಲಿಮೀಟರ್ ಬಿದ್ದಿದ್ದರೆ ಸರಾಸರಿ 75 ಅಲ್ಲ, 60. ಬಯಲು ಸೀಮೆಗೆ ಇದು ಒಪ್ಪುತ್ತದೆ. ಬೆಟ್ಟದ ಸೀಮೆಗೆ ಸಮವೃಷ್ಟಿ ರೇಖೆಗಳನ್ನು ಎಳೆಯುವ ಪದ್ಧತಿಯೇ ಮೇಲು, ಏಕೆಂದರೆ ರೇಖೆ ಎಳೆಯುವ ತಜ್ಞನು ಶಿಖರ, ಕಣಿವೆ, ಗಾಳಿಯ ದಿಕ್ಕುಗಳನ್ನು ಗಮನಿಸುತ್ತಾನೆ. ಈಗ ಈ ಕೆಲಸವನ್ನು ಗಣಕಯಂತ್ರಗಳು ಮಾಡುತ್ತವೆ. ಹವಾಮಾನ ಇಲಾಖೆಯ ಪ್ರಸ್ತುತ ನಕ್ಷೆಯಲ್ಲಿ ದೇಶವನ್ನು ಕಾಲು ಅಂಶ ಅಕ್ಷಾಂಶ, ಕಾಲು ಅಂಶ ರೇಖಾಂಶದ ಚೌಕಗಳಾಗಿ ವಿಭಜಿಸಿ, ಸುತ್ತಲಿನ ಕೇಂದ್ರಗಳ ದೂರವನ್ನು ಅನುಸರಿಸಿ ಪ್ರತಿ ಚೌಕಕ್ಕೂ ದಿನದಿನದ ಮಳೆಯನ್ನು ನಿಗದಿಪಡಿಸಲಾಗುತ್ತದೆ.

ಆದರೆ ಯಾವ ಗಣಿತವೂ ಇಲ್ಲದ ಪಾತ್ರೆಯ ಸ್ಥಾನವನ್ನು ತುಂಬಲಾರದು. ಭಾರತೀಯ ಮಾನಕ ಬ್ಯೂರೋದ ಶಿಫಾರಸಿನಂತೆ ಬಯಲಿನಲ್ಲಿ 520 ಚದರ ಕಿಲೋಮೀಟರಿಗೆ ಒಂದು, ಸರಾಸರಿ ಸಾವಿರ ಮೀಟರ್ ಎತ್ತರದ ಪ್ರದೇಶದಲ್ಲಿ 260ರಿಂದ 390ಕ್ಕೆ ಒಂದು, ಹೆಚ್ಚು ಮಳೆಯ ಗುಡ್ಡಗಾಡಿನಲ್ಲಿ 130ಕ್ಕೆ ಒಂದು ಮಳೆಮಾಪಕ ಇರಬೇಕು. ವಸ್ತುಸ್ಥಿತಿ ಬಹುಮಟ್ಟಿಗೆ ಇದಕ್ಕೆ ವಿರುದ್ಧ. ರಸ್ತೆ, ಕಚೇರಿ, ನೌಕರರು ಇರುವ ಬಯಲಿನಲ್ಲಿ ಮಾಪಕಗಳು ದಟ್ಟವಾಗಿವೆ. ನದಿಗಳು ಹುಟ್ಟುವ ಕಾಡು-ಬೆಟ್ಟಗಳಲ್ಲಿ ವಿರಳವಾಗಿವೆ. ಕರ್ನಾಟಕದಲ್ಲಿ 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭಗೊಂಡು ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದ ಸಂಸ್ಥೆಯು ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ದೂರಸಂವೇದಿ ಮಳೆಮಾಪಕಗಳನ್ನು ಸ್ಥಾಪಿಸಿರುವುದು ಈ ದಿಸೆಯಲ್ಲಿ ಉಲ್ಲೇಖನೀಯ. ಹದಿನೈದು ನಿಮಿಷಗಳಿಗೊಮ್ಮೆ ಅಲ್ಲಿಂದ ಮಾಹಿತಿ ಬೆಂಗಳೂರನ್ನು ತಲುಪುತ್ತದೆ.

ಹಿಮದ ಸಮಸ್ಯೆ

ಹಿಮಾಲಯದಲ್ಲಿ ಲೆಕ್ಕ ಮತ್ತಷ್ಟು ಜಟಿಲ. ಹಿಮವನ್ನು ಆಳದಿಂದ ಅಳೆದರೆ ಸಾಲದು, ಕರಗಿಸಿದರೆ ಎಷ್ಟು ನೀರಾಗುತ್ತದೆ ಎಂಬುದು ಬೇಕು. ಹೊಸದಾಗಿ ಬಿದ್ದ ಹತ್ತು ಸೆಂಟಿಮೀಟರ್ ಹಿಮ ಸ್ಥೂಲವಾಗಿ ಒಂದು ಸೆಂಟಿಮೀಟರ್ ನೀರಿಗೆ ಸಮವಾದರೂ, ಹಿಮ ಎಷ್ಟು ಹಗುರ, ಎಷ್ಟು ಗಟ್ಟಿ ಎಂಬುದರ ಮೇಲೆ ಈ ಪ್ರಮಾಣ ಬಹಳವಾಗಿ ಬದಲಾಗುತ್ತದೆ. ಮಾಪಕಗಳಿರುವುದು ಕಣಿವೆಗಳಲ್ಲಿ; ಹಿಮ ಬೀಳುವುದು ಶಿಖರಗಳಲ್ಲಿ. ಸಿಂಧೂ ನದಿಯ ಮೇಲ್ಭಾಗದಲ್ಲಿ ಇದರ ಪರಿಣಾಮ ಸ್ಪಷ್ಟವಾಗಿ ಕಂಡುಬಂದಿತು. ಕಣಿವೆಯ ಮಾಪಕಗಳನ್ನು ನಂಬಿದರೆ, ಬಿದ್ದ ನೀರಿಗಿಂತ ನದಿಯಲ್ಲಿ ಹರಿದುಹೋಗುವ ನೀರೇ ಹೆಚ್ಚು! ಜಮೆಗಿಂತ ಖರ್ಚು ಹೆಚ್ಚಾದ ಈ ಲೆಕ್ಕವನ್ನು ಹಿಮನದಿಗಳ ಸ್ಥಿತಿಯೊಡನೆ ತಾಳೆ ನೋಡಿದಾಗ, ಎತ್ತರದ ಪ್ರದೇಶಗಳಲ್ಲಿ ವೃಷ್ಟಿಯು ಹಿಂದೆ ಭಾವಿಸಿದ್ದರ ಸುಮಾರು ಎರಡರಷ್ಟಿರಬಹುದೆಂಬ ನಿರ್ಣಯಕ್ಕೆ 2015ರಲ್ಲಿ ಸಂಶೋಧಕರು ಬಂದರು. ಇಲ್ಲಿ ನದಿಯೇ ಮಳೆಮಾಪಕದ ತಪ್ಪನ್ನು ಎತ್ತಿ ತೋರಿಸಿತು.

ರಾಡಾರ್ ಮತ್ತು ಉಪಗ್ರಹಗಳು ಪಾತ್ರೆ ಇಡಲಾಗದ ಜಾಗವನ್ನು ಮೇಲಿನಿಂದ ನೋಡುತ್ತವೆ. 2002ರಲ್ಲಿ ಚೆನ್ನೈನಲ್ಲಿ ಡಾಪ್ಲರ್ ರಾಡಾರ್ ಕಾರ್ಯಾರಂಭ ಮಾಡಿತು. ಭಾರತ ಮತ್ತು ಫ್ರಾನ್ಸ್ ಜಂಟಿಯಾಗಿ ರೂಪಿಸಿದ ‘ಮೇಘಾ-ಟ್ರಾಪಿಕ್ಸ್’ ಉಪಗ್ರಹವನ್ನು 2011ರಲ್ಲಿ ಹಾರಿಬಿಡಲಾಯಿತು. ಅದರ ಕಾರ್ಯಾವಧಿ ಮುಗಿದ ಬಳಿಕ 2023ರ ಮಾರ್ಚಿಯಲ್ಲಿ ನಿಯಂತ್ರಿತವಾಗಿ ಕೆಳಗಿಳಿಸಲಾಯಿತು. ಇವು ನೀರನ್ನು ನೇರವಾಗಿ ಅಳೆಯುವುದಿಲ್ಲ. ಹನಿಗಳಿಂದ ಮರಳುವ ಅಲೆಗಳನ್ನೋ, ಮೋಡದ ಉಷ್ಣತೆಯನ್ನೋ ಗ್ರಹಿಸಿ ಮಳೆಯನ್ನು ಊಹಿಸುತ್ತವೆ. ಆ ಊಹೆ ಸರಿಯೇ ಎಂದು ಪರೀಕ್ಷಿಸಲು ಮತ್ತೆ ನೆಲದ ಮೇಲಿನ ಪಾತ್ರೆಯ ಬಳಿಗೇ ಬರಬೇಕು.

ಲೆಕ್ಕಪತ್ರದಲ್ಲಿ ಮಳೆಯ ಸ್ಥಾನ

ರಾಷ್ಟ್ರೀಯ ಆದಾಯವನ್ನು ಲೆಕ್ಕ ಹಾಕುವ ಮಾದರಿಯಲ್ಲಿಯೇ ನೀರನ್ನೂ ಲೆಕ್ಕ ಹಾಕುವ ಪದ್ಧತಿಯನ್ನು ವಿಶ್ವಸಂಸ್ಥೆ ರೂಪಿಸಿದೆ. ವರ್ಷಾರಂಭದ ದಾಸ್ತಾನು, ಅದಕ್ಕೆ ಸೇರಿದ್ದು, ಅದರಿಂದ ಹೋದದ್ದು, ವರ್ಷಾಂತ್ಯದ ದಾಸ್ತಾನು ಎಂಬುದು ಅದರ ಚೌಕಟ್ಟು. ಸೇರುವ ಬಾಬಿನಲ್ಲಿ ವೃಷ್ಟಿ, ನೆರೆದೇಶಗಳಿಂದ ಒಳಬರುವ ಹರಿವು, ಬಳಕೆಯ ನಂತರ ಮರಳುವ ನೀರು. ಹೋಗುವ ಬಾಬಿನಲ್ಲಿ ಬಾಷ್ಪೀಕರಣ, ಸಸ್ಯಗಳು ಬಿಡುವ ಆವಿ, ಮನುಷ್ಯರು ಎತ್ತಿದ ನೀರು, ಸಮುದ್ರಕ್ಕೂ ನೆರೆದೇಶಕ್ಕೂ ಹರಿದುಹೋದ ನೀರು. ದಾಸ್ತಾನನ್ನು ಮೇಲ್ಮೈ ನೀರು, ಅಂತರ್ಜಲ, ಮಣ್ಣಿನ ತೇವ ಎಂದು ವಿಂಗಡಿಸಲಾಗುತ್ತದೆ. ಮಳೆಯನ್ನು ಮೇಲ್ಮೈ ನೀರಿನ ಹಾಗೂ ಮಣ್ಣಿನ ತೇವದ ಖಾತೆಗೆ ಜಮೆ ಮಾಡಿ, ಅಲ್ಲಿಂದ ಇಂಗಿದ್ದನ್ನು ಅಂತರ್ಜಲದ ಖಾತೆಗೆ ವರ್ಗಾವಣೆ ಎಂದು ತೋರಿಸಬೇಕು. ಹೀಗೆ ಮಾಡದೆ ಕೆರೆಯಲ್ಲೊಮ್ಮೆ, ಕೆರೆಯ ಕೆಳಗಿನ ಬಾವಿಯಲ್ಲೊಮ್ಮೆ ಎಣಿಸಿದರೆ ಒಂದೇ ನೀರು ಎರಡು ಸಲ ಜಮೆಯಾಗುತ್ತದೆ.

2019ರ ಅದೇ ಅಧ್ಯಯನದಲ್ಲಿ ದೇಶದ ವಾರ್ಷಿಕ ಸರಾಸರಿ ಜಲಸಂಪನ್ಮೂಲ 1,999.20 ಶತಕೋಟಿ ಘನ ಮೀಟರ್ ಎಂದು ಅಂದಾಜು ಮಾಡಲಾಗಿತ್ತು. 1985ರಿಂದ 2023ರವರೆಗಿನ ಅವಧಿಯನ್ನು ಪರಿಗಣಿಸಿದ 2024ರ ಮರುಲೆಕ್ಕದಲ್ಲಿ ಇದು 2,115.95ಕ್ಕೆ ಏರಿತು. ಇದರಿಂದ ದೇಶದಲ್ಲಿ ಹೊಸದಾಗಿ ನೀರು ಹುಟ್ಟಿತೆಂದು ತಿಳಿಯಬಾರದು. ಅವಧಿ ಮತ್ತು ಲೆಕ್ಕದ ವ್ಯಾಪ್ತಿ ಬದಲಾದಂತೆ ಅಂಕಿಯೂ ಬದಲಾಗುತ್ತದೆ. ವೃಷ್ಟಿಯ ಸುಮಾರು ಅರ್ಧದಷ್ಟು ನದಿಯನ್ನೋ ಅಂತರ್ಜಲವನ್ನೋ ಸೇರದೆ ಮಣ್ಣಿನಿಂದ, ಬೆಳೆಗಳಿಂದ, ಕಾಡುಗಳಿಂದ ಆವಿಯಾಗಿ ಮರಳುತ್ತದೆ. ಮಳೆಯಾಧಾರಿತ ಜೋಳ, ರಾಗಿ, ತೊಗರಿ ಬೆಳೆಯುವುದು ಈ ಪಾಲಿನಿಂದಲೇ ಆದ್ದರಿಂದ ಅದನ್ನು ನಷ್ಟದ ಬಾಬಿಗೆ ಬರೆಯುವುದು ಸರಿಯಲ್ಲ.

ಒಂದೇ ದೇಶದ ಮಳೆಗೆ ಎರಡು ಮೂರು ಅಂಕಿಗಳು ಚಲಾವಣೆಯಲ್ಲಿರುವುದು ಸಾಮಾನ್ಯ ಓದುಗನನ್ನು ಗೊಂದಲಕ್ಕೀಡುಮಾಡಬಹುದು. ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯ ಕೋಷ್ಟಕಗಳಲ್ಲಿ ಭಾರತದ ಸರಾಸರಿ ವೃಷ್ಟಿ 1,083 ಮಿಲಿಮೀಟರ್. ಕೇಂದ್ರ ಜಲ ಆಯೋಗದ ಅಂಕಿಯಿಂದ ಬರುವುದು 1,180. ನಡುವಿನ 97 ಮಿಲಿಮೀಟರ್ ಎಂದರೆ ಸುಮಾರು 319 ಶತಕೋಟಿ ಘನ ಮೀಟರ್. ಹವಾಮಾನ ಇಲಾಖೆ ಕೂಡ 2022ರಲ್ಲಿ ತನ್ನ ‘ವಾಡಿಕೆ ಮಳೆ’ಯನ್ನು ಪರಿಷ್ಕರಿಸಿತು. 1961–2010ರ ಆಧಾರದ ಮೇಲೆ 1,176.9 ಮಿಲಿಮೀಟರ್ ಇದ್ದ ವಾರ್ಷಿಕ ವಾಡಿಕೆ, 1971–2020ರ ಆಧಾರದ ಮೇಲೆ 1,160.1ಕ್ಕೆ ಇಳಿಯಿತು, ನೈಋತ್ಯ ಮಾನ್ಸೂನಿನ ವಾಡಿಕೆ 880.6ರಿಂದ 868.6ಕ್ಕೆ ಇಳಿಯಿತು. ದಶಕಗಳ ಕಾಲ ನಡೆಯುವ ಸ್ವಾಭಾವಿಕ ಏರಿಳಿತವನ್ನು ಇಲಾಖೆ ಇದಕ್ಕೆ ಕಾರಣವಾಗಿ ನೀಡಿತು. ಕಾರಣವೇನೇ ಇರಲಿ, ವಾಡಿಕೆ ಇಳಿದಾಗ ಕೊರತೆಯ ಅಳತೆಗೋಲೂ ಇಳಿಯುತ್ತದೆ. ಹಿಂದೆ ಕೊರತೆಯೆನಿಸುತ್ತಿದ್ದ ಮಳೆ ಈಗ ವಾಡಿಕೆಯ ವರ್ಗಕ್ಕೆ ಸೇರಬಹುದು. ವಾಡಿಕೆಗಿಂತ ಶೇಕಡ 19ರಷ್ಟು ಹೆಚ್ಚು ಅಥವಾ ಕಡಮೆ ಇರುವವರೆಗೆ ಮಳೆಯನ್ನು ವಾಡಿಕೆಯೆಂದೇ ಪರಿಗಣಿಸಲಾಗುತ್ತದೆ. ಶೇಕಡ 20 ಕಡಮೆಯಾದರೆ ಕೊರತೆ. ಬರಘೋಷಣೆ, ಹವಾಮಾನ ಆಧಾರಿತ ಬೆಳೆವಿಮೆ ಮೊದಲಾದವು ಮಳೆಯ ಕೊರತೆಯನ್ನು ಅವಲಂಬಿಸಿರುವುದರಿಂದ, ಆ ಒಂದು ಶೇಕಡ ಅಂತರ ಕೆಲವು ಸಂಸಾರಗಳಿಗೆ ಆ ವರ್ಷದ ಸಾಲ ತೀರುವುದೋ ಉಳಿಯುವುದೋ ಎಂಬ ಅಂತರವಾಗುತ್ತದೆ.

ನದಿಗಳನ್ನು ಹಂಚಿಕೊಂಡಿರುವ ರಾಜ್ಯಗಳ ನಡುವೆ ಇದರ ಮಹತ್ವ ಇನ್ನೂ ಹೆಚ್ಚು. ಕಾವೇರಿ ನ್ಯಾಯಾಧಿಕರಣವು 2007ರಲ್ಲಿ ನದಿಯ ಒಟ್ಟು ನೀರನ್ನು ಶೇಕಡ 50ರ ಭರವಸೆಯ ಆಧಾರದ ಮೇಲೆ 740 ಟಿ.ಎಂ.ಸಿ. ಎಂದು ನಿರ್ಣಯಿಸಿತು. ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರುವರಿಯಲ್ಲಿ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25 ಟಿ.ಎಂ.ಸಿ. ಎಂದು ಹಂಚಿಕೆಯನ್ನು ಮಾರ್ಪಡಿಸಿತು. ಶೇಕಡ 50ರ ಭರವಸೆ ಎಂದರೆ ಎರಡು ವರ್ಷಗಳಲ್ಲೊಂದು ವರ್ಷ ಅಷ್ಟು ನೀರು ಬರಲಾರದು ಎಂದೇ ಅರ್ಥ. ಮಳೆ ಸೋತ ವರ್ಷದಲ್ಲಿ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕೆಂಬ ವಾದ ಕೊಡಗು, ವಯನಾಡುಗಳಲ್ಲಿ ಎಷ್ಟು ಮಳೆಯಾಯಿತು, ಜಲಾಶಯಗಳಿಗೆ ಎಷ್ಟು ನೀರು ಬಂದಿತು ಎಂಬಲ್ಲಿಂದಲೇ ಆರಂಭವಾಗುತ್ತದೆ. ಕೆಳಗಿನ ರಾಜ್ಯಕ್ಕೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾನ್ಸೂನಿನ ಪ್ರತ್ಯೇಕ ಜಮೆ ಉಂಟು. ಅದು ಕೈಗೆ ಬರುವ ಮೊದಲೇ ಕುರುವೈ ಬೆಳೆಗೆ ನೀರು ಬೇಕಾಗಿರುತ್ತದೆ. ಎರಡೂ ಕಡೆಯ ರೈತರ ಕಷ್ಟ ನಿಜವಾದುದೇ ಆದ್ದರಿಂದ, ಉಭಯತ್ರರೂ ಒಪ್ಪುವ ಅಳತೆ ಇರುವುದು ಅತ್ಯವಶ್ಯಕ.

ವರ್ಷ ಯಾವಾಗ ಆರಂಭವಾಗುತ್ತದೆ ಎಂಬುದೂ ಸಣ್ಣ ಪ್ರಶ್ನೆಯಲ್ಲ. ಹಣದ ಲೆಕ್ಕ ಏಪ್ರಿಲಿನಿಂದ, ಪಂಚಾಂಗ ಚೈತ್ರದಿಂದ, ನೀರಿನ ವರ್ಷ ಜೂನ್ 1ರಿಂದ. ವಾರ್ಷಿಕ ಮಳೆಯ ನಾಲ್ಕರಲ್ಲಿ ಮೂರು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ದೇಶದಲ್ಲಿ ಜಲಾಶಯಗಳು ಬರಿದಾಗಿರುವ ಮೇ ಕೊನೆಯಲ್ಲಿ ಲೆಕ್ಕ ಮುಚ್ಚುವುದೇ ಯುಕ್ತ. ದಿನದ ವಿಷಯದಲ್ಲಿಯೂ ಹೀಗೆಯೇ. ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಯವರೆಗೆ ಬಿದ್ದ ಮಳೆಯನ್ನು ಅಳೆದ ದಿನದ ಹೆಸರಿನಲ್ಲಿ ಬರೆಯಲಾಗುತ್ತದೆ. ಮುಂಬಯಿಯ ಜುಲೈ 26ರ ಮಳೆ ಹವಾಮಾನ ಪುಸ್ತಕದಲ್ಲಿ ಜುಲೈ 27ರ ಸಾಲಿನಲ್ಲಿದೆ.

ಆ ಪುಸ್ತಕದ ಸಾಲನ್ನು ತುಂಬುವವನು ಅನೇಕ ಕಡೆ ತಾಲ್ಲೂಕು ಕಚೇರಿಯ, ತಪಾಸಣಾ ಬಂಗಲೆಯ ಅಥವಾ ಶಾಲೆಯ ಒಬ್ಬ ನೌಕರ. ಮಳೆ ಅಳೆಯುವುದು ಅವನ ಹಲವು ಕೆಲಸಗಳಲ್ಲಿ ಒಂದು. ಮಳೆ ಬಾರದ ದಿನವೂ ಅವನು ಮಾಪಕವನ್ನು ತೆರೆದು ನೋಡಿ ಸೊನ್ನೆಯೆಂದು ಬರೆಯಬೇಕು. ಅಳೆಯಲಾಗದಷ್ಟು ತುಂತುರು ಬಿದ್ದಿದ್ದರೆ ಸೊನ್ನೆಯ ಬದಲು ಲೇಶವೆಂದು ಗುರುತಿಸಬೇಕು. ರಜೆಯ ಕಾರಣ ಎರಡು ದಿನ ಅಳೆಯದಿದ್ದರೆ, ಮೂರನೆಯ ದಿನ ದೊರೆತ ನೀರನ್ನು ಮೂರು ದಿನಗಳಿಗೆ ತನ್ನ ಅಂದಾಜಿನಲ್ಲಿ ಹಂಚದೆ, ಒಟ್ಟು ಮಳೆಯೆಂದೇ ಟಿಪ್ಪಣಿ ಹಾಕಬೇಕು. ಅಳೆಯದೆ ಇದ್ದ ದಿನದ ಜಾಗವನ್ನು ಖಾಲಿ ಬಿಡಬೇಕೇ ಹೊರತು ಅಲ್ಲಿ ಸೊನ್ನೆ ತುಂಬಬಾರದು. ಖಾಲಿ ಜಾಗವನ್ನು ಪುಣೆಯಲ್ಲಿ ನೆರೆಯ ಕೇಂದ್ರಗಳ ಸಹಾಯದಿಂದ ಅಂದಾಜು ಮಾಡಬಹುದು. ತಪ್ಪು ಸೊನ್ನೆಯನ್ನು ನಿಜವಾದ ಸೊನ್ನೆಯಿಂದ ಬೇರ್ಪಡಿಸುವುದು ಬಹಳ ಕಷ್ಟ.